ಎಡಗೈ ಕತ್ತರಿ

ಜನವರಿ 11

ಅಕ್ಕ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿರಬಹುದು ಎಂದು ಶುರುಮಾಡಲು ಕೈ ಬರುತ್ತಿಲ್ಲ. ನೀನು ಚೆನ್ನಾಗಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ನಾನು ಚೆನ್ನಾಗಿಲ್ಲ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ.

ನೀನು ಹೋಗಿ ಒಂದು ವಾರವಾಯಿತು. ಹೋಗುವಾಗ "ಸ್ವಲ್ಪ ದಿನ ಆ ಕೆರೆ ನೋಡ್ಕೊಂಡು ಬರ್ತೀನಿ" ಎಂದೆ. ಒಂದು ಚೀಲದಷ್ಟು ಬಟ್ಟೆ, ಮಾತ್ರೆಯ ಡಬ್ಬಿ, ಇಷ್ಟೇ ಒಯ್ದಿದ್ದೀಯ ಎಂದುಕೊಂಡಿದ್ದೆ. ಮರುದಿನ ಅಂಗಡಿಯ ಬಾಗಿಲು ತೆಗೆದು ನೋಡಿದರೆ ಕಟಿಂಗ್ ಮೇಜಿನ ಪಕ್ಕದ ಮೊಳೆ ಖಾಲಿ. ಅಪ್ಪನ ಕತ್ತರಿ ಇಲ್ಲ. ಮೇಜಿನ ಕೆಳಗೆ, ಚಿಂದಿಯ ಗೋಣಿಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಹಿಂದೆ ಎಲ್ಲ ಕಡೆ ಹುಡುಕಿ ಸುಸ್ತಾದ ಮೇಲೆ ಹೊಳೆಯಿತು. ತಂಗಿಯನ್ನು ಬಿಟ್ಟು ಹೋದೆ, ಕತ್ತರಿಯನ್ನು ಕರೆದುಕೊಂಡು ಹೋದೆ.

ಇನ್ನು ಮೇಲೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹೇಳಿದವಳು ನೀನೇ. ಮತ್ತೆ ಅದು ಯಾತಕ್ಕೆ ಬೇಕಿತ್ತು? ಅಲ್ಲಿ ಏನು ಕತ್ತರಿಸುತ್ತೀಯ, ಈರುಳ್ಳಿಯನ್ನಾ?

ನಿನ್ನ ಹೊಟ್ಟೆಯಲ್ಲಿ ಗಡ್ಡೆ ಇದೆ, ಒಂದು ವರ್ಷ, ಹೆಚ್ಚುಕಮ್ಮಿ ಅಷ್ಟೇ ಎಂದು ಡಾಕ್ಟರು ಹೇಳಿದ ದಿನ ನಾನು ಮನಸ್ಸಿನಲ್ಲೇ ಆ ವರ್ಷವನ್ನು ಜೋಡಿಸಿಟ್ಟಿದ್ದೆ. ಮುಂದಿನ ಕೋಣೆಗೆ ನಿನ್ನ ಮಂಚ ತರುವುದು, ಬಿಸಿಲು ಬೀಳುವ ಕಡೆ ತಲೆ ಹಾಕಿಸುವುದು, ಅಲ್ಲಿಂದಲೇ ನೀನು ನನ್ನನ್ನು ಬೈಯುವುದು. ಮೂವತ್ತು ವರ್ಷ ನೀನು ಕತ್ತರಿಸಿದ್ದನ್ನು ನಾನು ಹೊಲಿದಿದ್ದೇನೆ. ಉಳಿದಿರುವ ದಿನ ಯಾರ ಪಾಲಿಗೆ ಎಂದು ಬಂದಾಗ ನೀನು ಒಬ್ಬ ಗಿರಾಕಿಯ ಹೆಸರು ಹೇಳಿದೆ. ಅದೂ ಯಾರು? ರೆಡಿಮೇಡಿನಲ್ಲಿ ಯಾವ ಕೋಟೂ ಉದ್ದ ಸಾಲದೆ ನಮ್ಮ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಿದ್ದ ಆ ಭೂಗೋಳದ ಟೀಚರ್. ನಾವಿಬ್ಬರೂ ಸೇರಿಯೇ ಅವಳಿಗೆ ಜಿರಾಫೆ ಎಂದು ಹೆಸರಿಟ್ಟು ನಕ್ಕಿದ್ದೆವು. ಈಗ ನೀನು ಅವಳ ಮನೆಯಲ್ಲಿ ಕೂತು ಯಾರನ್ನು ನೋಡಿ ನಗುತ್ತಿದ್ದೀಯ?

ಕತ್ತರಿ ಕಳಿಸು. ಇಲ್ಲದಿದ್ದರೆ ನೀನೇ ಬಾ.

ನಿನ್ನ ತಂಗಿ
(ಇರುವವಳು ಒಬ್ಬಳೇ, ಜ್ಞಾಪಕವಿರಲಿ)


ಜನವರಿ 20

ಪಾಪು,

ಕತ್ತರಿ ನನ್ನದು, ಅದಕ್ಕೆ ತಂದೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಅಪ್ಪನದು ಎಡಗೈ, ನನ್ನದೂ ಎಡಗೈ, ಅದು ಎಡಗೈಯವರ ಕತ್ತರಿ. ನೀನು ಇಟ್ಟುಕೊಂಡು ಪೂಜೆ ಮಾಡುತ್ತೀಯಾ? ಹದಿನಾಲ್ಕರ ವಯಸ್ಸಿನಲ್ಲಿ ಒಮ್ಮೆ ಅದನ್ನು ಹಿಡಿದು ಅಪ್ಪನ ಒಳ್ಳೇ ಉಣ್ಣೆ ಬಟ್ಟೆಯನ್ನು ಇಲಿ ಕಚ್ಚಿದ ಹಾಗೆ ಮಾಡಿದ್ದು ಮರೆತೆಯಾ? "ಇವಳಿಗೆ ಕಟಿಂಗ್ ಕೈ ಇಲ್ಲ, ಮಿಷನ್ನಿಗೆ ಕೂರಿಸಿ" ಎಂದು ಅಪ್ಪ ಅವತ್ತೇ ಹೇಳಿ ಮುಗಿಸಿದ್ದರು.

ಇಲ್ಲಿ ಬೆಳಿಗ್ಗೆ ಎದ್ದು ಕೆರೆಯ ಅರ್ಧ ಸುತ್ತು ನಡೆಯುತ್ತೇನೆ. ಆಮೇಲೆ ಒಂದು ಬೆಂಚು. ಬಾತುಕೋಳಿಗಳಿಗೆ ಬ್ರೆಡ್ಡಿನ ಚೂರು ಹಾಕುತ್ತೇನೆ. ಅವು ಯಾವ ಯಾವ ದೇಶದಿಂದ ಹಾರಿ ಬಂದಿವೆ ಎಂದು ಜಿರಾಫೆ ಹೇಳುತ್ತಾಳೆ, ನಾನು ಅರ್ಧ ಕೇಳಿಸಿಕೊಳ್ಳುತ್ತೇನೆ. ಏನೂ ಮಾಡದೆ ಕೂರುವುದು ಇಷ್ಟು ಸುಲಭ ಎಂದು ನನಗೆ ಯಾರೂ ಹೇಳಿರಲಿಲ್ಲ. (ಅವಳಿಗೆ ನಾವಿಟ್ಟ ಹೆಸರು ಹೇಳಿಬಿಟ್ಟೆ. ತುಂಬಾ ಖುಷಿಪಟ್ಟಳು.)

ಮೂಲೆ ಅಂಗಡಿ ನಮಗೆ ಬೇಡ ಎಂದು ಅದರ ಓನರಿಗೆ ಬರೆದಿದ್ದೇನೆ. ಹನ್ನೆರಡು ವರ್ಷ ಆ ಗಾಜಿನ ಬಾಗಿಲಿನ ಹಿಂದೆ ನಮ್ಮ ಕೋಟುಗಳು ನಿಂತಿರುವುದನ್ನು ಕನಸು ಕಂಡೆ. ಆಸ್ಪತ್ರೆಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ಬರೀ ಗಾಜು. ಇದಕ್ಕಾ ನಾನು ಇಷ್ಟು ವರ್ಷ ಭಾನುವಾರವೂ ಬಿಡದೆ ದುಡಿದದ್ದು ಅನ್ನಿಸಿತು.

ಒಪ್ಪಿಕೊಂಡಿರುವ ಕೋಟುಗಳನ್ನು ಪಕ್ಕದ ಬೀದಿಯ ಕಟಿಂಗ್ ಮಾಸ್ಟರಿಗೆ ಕೊಟ್ಟುಬಿಡು. ಪ್ಯಾಂಟಿನ ಕಾಲು ಮಡಿಚುವುದು, ಜಿಪ್ ಹಾಕುವುದು, ನಿನಗೆ ಅಷ್ಟು ಸಾಕು.

ಬೇಜಾರು ಮಾಡಿಕೊಳ್ಳಬೇಡ. ಇಲ್ಲಿನ ಒಂದು ಬಾತುಕೋಳಿ ಥೇಟ್ ನಿನ್ನ ಹಾಗೇ ನಡೆಯುತ್ತದೆ.

ಅಕ್ಕ


ಫೆಬ್ರವರಿ 6

ಅಕ್ಕ,

ಬಾತುಕೋಳಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಾನು ತಿಂಡಿ ತಿಂದೆನೋ ಬಿಟ್ಟೆನೋ ಎಂದು ನೀನು ಒಂದು ಸಾಲು ಕೇಳಿಲ್ಲ. ಅದಕ್ಕೆ ಬ್ರೆಡ್ಡು.

ಮೂಲೆ ಅಂಗಡಿಯ ಓನರ್ ಬಂದಿದ್ದರು. "ಅಕ್ಕಂಗೆ ಬೇಡ್ವಂತೆ, ನಿಮಗೂ ಬೇಡ್ವಾ?" ಎಂದು ಕೇಳಿದರು. ನನ್ನನ್ನು ಒಬ್ಬರು ಹಾಗೆ ಬೇರೆಯಾಗಿ ಕೇಳಿದ್ದು ಅದೇ ಮೊದಲು. ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ಅವರಿಗೂ ಗೊತ್ತಾಗಲಿಲ್ಲ. ಹೋದರು.

ಇನ್ನೊಂದು ಮಾತು ಇದೆ. ಓದಿ ಹರಿದುಹಾಕು. ನನಗೆ ನಿನ್ನ ಕಾಯಿಲೆಯ ಮೇಲೂ ಹೊಟ್ಟೆಕಿಚ್ಚು. ಅವತ್ತು ಡಾಕ್ಟರು ನಿನ್ನ ಕೈ ಹಿಡಿದುಕೊಂಡು, "ಇನ್ಮೇಲೆ ನಿಮಗೇನಿಷ್ಟವೋ ಅದನ್ನ ಮಾಡಿ" ಎಂದರು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ನನ್ನ ಕಡೆ ಅವರು ತಿರುಗಲಿಲ್ಲ. ಐವತ್ತೆರಡು ವರ್ಷದಲ್ಲಿ ನನಗೆ ಯಾರೂ ಆ ಮಾತು ಹೇಳಿಲ್ಲ. ಹೇಳಿದ್ದರೂ ನನಗೇನಿಷ್ಟ ಎಂದು ನನಗೆ ಗೊತ್ತಿರಲಿಲ್ಲ. ಸಾಯುವವಳ ಮೇಲೆ ಹೊಟ್ಟೆಕಿಚ್ಚು ಪಡುವ ನಾನು ಎಂಥ ಹೆಂಗಸು ಎಂದು ನನ್ನನ್ನೇ ಬೈದು ನೋಡಿದೆ. ಅದು ಹೋಗುತ್ತಿಲ್ಲ.

ಕೋಟುಗಳನ್ನು ಪಕ್ಕದ ಬೀದಿಗೆ ಕೊಡಲಿಲ್ಲ. ಬ್ಯಾಂಕ್ ಮ್ಯಾನೇಜರ ಬೂದು ಕೋಟಿನ ಮುಂಭಾಗ, ಬೆನ್ನು ಎಲ್ಲ ನೀನೇ ಕತ್ತರಿಸಿಟ್ಟು ಹೋಗಿದ್ದೆ. ಎರಡು ತೋಳು ತಾನೇ ಬಾಕಿ ಎಂದು ನಾನೇ ಕೂತೆ. ಕಾಗದ ಕತ್ತರಿಸುವ ಕತ್ತರಿಗೆ ಎರಡು ಪದರ ಬಟ್ಟೆ ಬಗ್ಗಲಿಲ್ಲ. ಅದಕ್ಕೆ ಒಂದೊಂದೇ ಪದರ ಹಾಕಿ, ನೀನು ಮಾಡಿಟ್ಟ ತೋಳಿನ ರಟ್ಟಿನ ಅಚ್ಚು ಇಟ್ಟು, ಗೆರೆ ಎಳೆದು, ಕಷ್ಟಪಟ್ಟು ಎರಡನ್ನೂ ಕತ್ತರಿಸಿದೆ. ಸೊಗಸಾಗಿ ಬಂದವು. ಹೊಲಿಯಲು ಹೋದರೆ ಎರಡೂ ಎಡತೋಳು. ಬಟ್ಟೆ ಮಡಿಸಿ ಕತ್ತರಿಸುವವರಿಗೆ ಒಂದು ಎಡ ಒಂದು ಬಲ ತಾನಾಗಿ ಬರುತ್ತದೆ. ಎರಡನೆಯ ಸಲ ಅಚ್ಚನ್ನು ತಿರುವಿ ಇಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಮೇಜಿನ ಮೇಲೆ ತಲೆ ಇಟ್ಟು ಅತ್ತೆ, ಆಮೇಲೆ ನಗು ಬಂತು. ಹೇಳಿ ನಗಲು ನೀನಿರಲಿಲ್ಲ.

ಕಂಕುಳ ಹತ್ತಿರ ಗೆರೆ ಹೇಗೆ ತಿರುಗಿಸಬೇಕು ಎಂದಾದರೂ ಬರೆದು ತಿಳಿಸು.

ಎರಡು ಎಡತೋಳಿನ ತಂಗಿ


ಫೆಬ್ರವರಿ 27

ಅಕ್ಕ,

ನೀನು ಉತ್ತರ ಬರೆಯಲಿಲ್ಲ. ಕಂಕುಳ ಗೆರೆಯೂ ಬರಲಿಲ್ಲ. ನಾನೇ ಕತ್ತರಿ ಕೊಂಡೆ.

ಸಂತೋಷಕ್ಕೆ ಕೊಂಡದ್ದಲ್ಲ, ಸಿಟ್ಟಿಗೆ. ಅಂಗಡಿಯವನು ಎಡಗೈಯದಾ ಬಲಗೈಯದಾ ಎಂದು ಕೇಳಲೂ ಇಲ್ಲ, ಅವನ ಹತ್ತಿರ ಇದ್ದದ್ದೆಲ್ಲ ಬಲಗೈಯವೇ. ಮನೆಗೆ ತಂದು, ಹಳೆಯ ಪರದೆಯನ್ನು ಮೇಜಿನ ಮೇಲೆ ಮಡಿಸಿ ಹಾಸಿ, ಸುಮ್ಮನೆ ಒಂದು ಗೆರೆಯ ಮೇಲೆ ಬಿಟ್ಟೆ. ಅಕ್ಕ, ಅದು ಓಡಿತು. ಬಟ್ಟೆ ಎರಡೂ ಕಡೆ ಮಲಗಿಕೊಂಡಿತು. ಒಂದು ಎಳೆಯೂ ಕಚ್ಚಲಿಲ್ಲ. ನಾನು ಆ ಪರದೆಯನ್ನು ಪೂರ್ತಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ. ನಿಲ್ಲಿಸಲು ಮನಸ್ಸಾಗಲಿಲ್ಲ.

ಎಡಗೈಯವರ ಕತ್ತರಿ ಬಲಗೈಗೆ ಆಗುವುದಿಲ್ಲ ಎಂದು ಎಲ್ಲ ದರ್ಜಿಗಳಿಗೂ ಗೊತ್ತು. ನಮ್ಮ ಮನೆಯಲ್ಲೂ ಗೊತ್ತಿತ್ತು. ಹಾಗಿದ್ದೂ ಅದನ್ನೇ ನನ್ನ ಕೈಗೆ ಕೊಟ್ಟು ಪರೀಕ್ಷೆ ಮಾಡಿದರು. ನಾನು ಫೇಲಾದೆ. ಅಪ್ಪ ಒಪ್ಪಿದರು, ನೀನು ಒಪ್ಪಿದೆ, ನಾನೂ ಒಪ್ಪಿಕೊಂಡು ಮಿಷನ್ನಿನ ಮುಂದೆ ಕೂತೆ. ಇನ್ನೊಂದು ಕತ್ತರಿ ತಂದು ನೋಡೋಣ ಎಂದು ಇಷ್ಟು ವರ್ಷ ಈ ಮನೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ನೀನೇ ಹೇಳು.

ಮ್ಯಾನೇಜರಿಗೆ ಹೊಸದಾಗಿ ಅದೇ ಬೂದು ಬಟ್ಟೆ ತಂದು ಇಡೀ ಕೋಟನ್ನು ನಾನೇ ಕತ್ತರಿಸಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು, ತಿರುಗಿದರು, ಎರಡು ಕೈ ಮೇಲೆತ್ತಿದರು. "ಈ ಸಲ ಅಕ್ಕ ಚೆನ್ನಾಗಿ ಕಟ್ ಮಾಡಿದಾರೆ" ಎಂದರು. ಹೌದು ಎಂದೆ.

ತಂಗಿ


ಮಾರ್ಚ್ 12

ಪಾಪು,

ಹೌದು ಎಂದು ಯಾಕೆ ಹೇಳಿದೆ? ನಾನು ಕತ್ತರಿಸದ ಕೋಟು ನನ್ನ ಹೆಸರಿನಲ್ಲಿ ಓಡಾಡುವುದು ಬೇಡ. ಮುಂದಿನ ಸಲ ಆತ ಬಂದಾಗ ಸರಿಯಾಗಿ ಹೇಳು.

ಬೆನ್ನಿನ ಮೇಲೆ ಸುಕ್ಕು ಬಂತಾ? ಕಾಲರ್ ಕುತ್ತಿಗೆಗೆ ಕೂತಿತಾ, ಇಲ್ಲ ಹಿಂದೆ ಬಾಯಿ ಬಿಡುತ್ತಿತ್ತಾ? ಆತನಿಗೆ ಎಡಭುಜ ಸ್ವಲ್ಪ ತಗ್ಗು, ಅದನ್ನು ನಾನು ಯಾರಿಗೂ ಹೇಳಿಲ್ಲ, ಒಳಗೆ ಒಂದು ಪದರ ಹತ್ತಿ ಹೆಚ್ಚು ಇಟ್ಟು ಸರಿಮಾಡುತ್ತಿದ್ದೆ. ನೀನು ನೋಡಿರುವುದಿಲ್ಲ. ಕೈ ಮೇಲೆತ್ತಿದಾಗ ಕೋಟು ಪೂರ್ತಿ ಮೇಲಕ್ಕೆ ಬಂತಾ ಇಲ್ಲವಾ? ಬ್ಯಾಂಕಿನವರು, ಒಳ್ಳೇ ಮಾತು ಅಭ್ಯಾಸವಾಗಿರುತ್ತದೆ, ಮುಖ ನೋಡಿ ಹೇಳಿರಬಹುದು.

ನನಗೇನು, ನಾನು ಅದನ್ನೆಲ್ಲ ಬಿಟ್ಟಾಗಿದೆ. ಸುಮ್ಮನೆ ಕೇಳಿದೆ.

ಅರ್ಧ ಸುತ್ತು ಈಗ ಬೆಂಚಿನವರೆಗೆ ಆಗಿದೆ. ಅಲ್ಲಿಂದಲೂ ಕೆರೆ ಪೂರ್ತಿ ಕಾಣುತ್ತದೆ. ನೀನು ಯಾವ ಕಂಪನಿಯ ಕತ್ತರಿ ತಂದೆ, ಎಷ್ಟು ಉದ್ದ?

ಅಕ್ಕ


ಏಪ್ರಿಲ್ 3

ಅಕ್ಕ,

ತಗ್ಗು ಭುಜ ನಾನೂ ನೋಡಿದ್ದೇನೆ. ನೀನಿಟ್ಟ ಹತ್ತಿಯನ್ನು ಇಷ್ಟು ವರ್ಷ ಒಳಗಿನಿಂದ ಹೊಲಿದವಳು ಯಾರು ಎಂದುಕೊಂಡೆ?

ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ. ನಮ್ಮ ಹಲ್ಲಿನ ಡಾಕ್ಟರಮ್ಮ ರಜೆಗೆ ನಿನ್ನ ಆ ಕೆರೆಗೇ ಹೋಗಿದ್ದರಂತೆ. ನಿನ್ನನ್ನು ನೋಡಿದರಂತೆ. ಬೆಂಚಿನ ಮೇಲೆ ಬಟ್ಟೆ ಹಾಸಿಕೊಂಡು ನೀನು ಗೆರೆ ಎಳೆದು ತೋರಿಸುತ್ತಿದ್ದೆ, ಜಿರಾಫೆ ಅಪ್ಪನ ಕತ್ತರಿ ಹಿಡಿದು ಕತ್ತರಿಸುತ್ತಿದ್ದಳು ಎಂದು ಹೇಳಿದರು. ನಾನು ಅವರ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದೆ. ಸೂಜಿ ಬೆರಳಿಗೆ ಹೋಯಿತು.

ನಿನ್ನ ಮೇಜಿಗೆ ನಾನು ಮೊಣಕೈ ಊರಿದರೆ "ತೆಗಿ" ಎನ್ನುತ್ತಿದ್ದೆ. ನೀನು ಗೆರೆ ಎಳೆಯುವಾಗ ನಾನು ಹಿಂದೆ ನಿಂತರೆ ಬೆಳಕಿಗೆ ಅಡ್ಡ ಬಂತು ಎನ್ನುತ್ತಿದ್ದೆ. ಎರಡು ಎಡತೋಳು ಕತ್ತರಿಸಿ ಕೂತಾಗ ಕಂಕುಳ ಗೆರೆ ಬರೆದು ಕಳಿಸು ಎಂದು ಕೇಳಿದೆ, ಅದಕ್ಕೂ ನಿನ್ನ ಕೈ ಬರಲಿಲ್ಲ. ಈಗ ಬೆಂಚಿನ ಮೇಲೆ, ದಾರಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ, ಭೂಗೋಳದ ಟೀಚರಿಗೆ ಪಾಠ. ಅಪ್ಪನ ಕತ್ತರಿಯಲ್ಲಿ.

ಸಾಯುವ ಕಾಲಕ್ಕೆ ಮನುಷ್ಯರು ಕೈ ಬಿಚ್ಚುತ್ತಾರೆ ಎಂದು ಕೇಳಿದ್ದೆ. ನೀನು ಬಿಚ್ಚಿದ್ದೀಯ. ನನ್ನ ಕಡೆಗಲ್ಲ, ಅಷ್ಟೇ.

ಇನ್ನು ಕಾಗದ ಬರೆಯುವುದಿಲ್ಲ.

ಹೊಲಿಗೆಯವಳು


ಏಪ್ರಿಲ್ 15

ಪಾಪು ಅವರಿಗೆ,

ನಿಮ್ಮ ಹೆಸರು ಇದೊಂದೇ ನನ್ನ ಕಿವಿಗೆ ಬಿದ್ದಿರುವುದು. ದಿನಕ್ಕೆ ಎಷ್ಟು ಸಲ ಬೀಳುತ್ತದೆ ಎಂದು ಹೇಳಿದರೆ ನೀವು ನಂಬಲಾರಿರಿ. ಪಾಪು ಮಾಡುವ ಗುಂಡಿಯ ಕಾಜಾ ಹೀಗೆ, ಪಾಪು ಹೊಲಿದರೆ ಇಸ್ತ್ರಿಯೇ ಬೇಡ, ಪಾಪು ಇಷ್ಟು ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿರುತ್ತಾಳೆ. ನನಗೆ ಒಡಹುಟ್ಟಿದವರಿಲ್ಲ. ಮೊದಮೊದಲು ಚೆನ್ನಾಗಿತ್ತು, ಈಚೆಗೆ ನಿಜವಾಗಿಯೂ ಹೊಟ್ಟೆಕಿಚ್ಚಾಗುತ್ತಿದೆ. ಇದ್ದದ್ದು ಇದ್ದಂತೆ ಹೇಳಿಬಿಡುತ್ತೇನೆ, ನಿಮ್ಮ ಅಕ್ಕನ ಜೊತೆ ಇದ್ದು ನನಗೂ ಅದೇ ಅಭ್ಯಾಸವಾಗಿದೆ.

ಅವರು ಕತ್ತರಿಸಲು ಕಲಿಸುತ್ತಿರುವುದು ನಿಜ. ನನ್ನದು ಬಲಗೈ. ಆ ಕತ್ತರಿಯಲ್ಲಿ ನಾನು ಕತ್ತರಿಸಿದ್ದೆಲ್ಲ ಇಲಿ ಕಚ್ಚಿದ ಹಾಗಿರುತ್ತದೆ. ಅದನ್ನು ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕ ದಿನ ಎರಡು ತುತ್ತು ಹೆಚ್ಚು ಒಳಗೆ ಹೋಗುತ್ತದೆ. ನಾನು ಕಲಿಯುತ್ತಿರುವುದು ಅದಕ್ಕೇ.

ಒಂದು ದಿನ ಕೇಳಿದೆ, ಇದನ್ನ ಪಾಪುಗೆ ಯಾಕೆ ಕಲಿಸಲಿಲ್ಲ ಅಂತ. ಕೈಲಿದ್ದ ಬ್ರೆಡ್ಡಿನ ಚೂರನ್ನು ಬಾತುಕೋಳಿಗಳಿಗೆ ಎಸೆದರು. ಆಮೇಲೆ, "ಅವಳಾದ್ರೆ ಕಲಿತುಬಿಡ್ತಿದ್ಲು. ಆಮೇಲೆ ನಾನು ಯಾತಕ್ಕೆ?" ಎಂದರು.

ಇದನ್ನು ನಿಮಗೆ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಇನ್ನೊಂದು ವಿಷಯ. ಇಲ್ಲಿ ಗಾಳಿ ತಣ್ಣಗಿದೆ. ಅವರ ಕೋಟು ಈಗ ಅವರ ಮೈಗೆ ನಿಲ್ಲುತ್ತಿಲ್ಲ. ನಾನು ಸೊಂಟಕ್ಕೆ ಒಂದು ಶಾಲು ಬಿಗಿದು ಕರೆದುಕೊಂಡು ಹೋಗುತ್ತೇನೆ.

ಜಿರಾಫೆ


ಏಪ್ರಿಲ್ 24

ಟೀಚರೇ,

ಪಾಪು ಎಂದು ಕರೆಯಬೇಡಿ. ಆ ಹೆಸರಿಗೆ ಹಕ್ಕಿರುವುದು ಒಬ್ಬರಿಗೇ.

ಶಾಲು ಬಿಗಿಯುವಾಗ ಹೊಟ್ಟೆಯ ಮೇಲೆ ಗಂಟು ಬರದ ಹಾಗೆ ನೋಡಿಕೊಳ್ಳಿ. ಉಳಿದದ್ದಕ್ಕೆ ಥ್ಯಾಂಕ್ಸ್.

ಅವರ ತಂಗಿ


ಏಪ್ರಿಲ್ 24

ಅಕ್ಕ,

ಕಾಗದ ಬರೆಯುವುದಿಲ್ಲ ಎಂದಿದ್ದೆ. ಇದು ಕಾಗದವಲ್ಲ, ಅಂಗಡಿಯ ವಿಚಾರ. ನಿನಗೊಂದು ಕೋಟು ಕತ್ತರಿಸುತ್ತಿದ್ದೇನೆ. ಆ ಕಪ್ಪು ಉಣ್ಣೆ ಬಟ್ಟೆ ಇದೆಯಲ್ಲ, ಮೂಲೆ ಅಂಗಡಿಯ ಗಾಜಿನಲ್ಲಿ ಮೊದಲ ಕೋಟು ಇದರದೇ ಎಂದು ನೀನು ಎತ್ತಿಟ್ಟದ್ದು, ಅದರಲ್ಲಿ. ಆ ಅಂಗಡಿಗೆ ಈಗ ಕನ್ನಡಕದವರು ಬಂದಿದ್ದಾರೆ. ನಿನ್ನೆ ಅದರ ಮುಂದೆ ಹೋದೆ, ದುಃಖವಾಗುತ್ತದೆ ಎಂದು ಕಾದೆ, ಆಗಲಿಲ್ಲ. ನನಗೆ ಬೇಕಾಗಿದ್ದದ್ದು ಗಾಜಿನ ಅಂಗಡಿ ಅಲ್ಲವೇ ಅಲ್ಲ ಅಕ್ಕ. ನಿನ್ನ ಮೇಜು ಬೇಕಾಗಿತ್ತು. ಈಗ ಅದರ ಮುಂದೆ ನಿಂತ ಮೇಲೆ ಗೊತ್ತಾಯಿತು.

ಅಳತೆ ಬರೆದು ಕಳಿಸು. ಎದೆ, ಸೊಂಟ, ಭುಜ, ತೋಳು, ಬೆನ್ನಿನ ಉದ್ದ.

ತಂಗಿ


ಮೇ 5

ಪಾಪು,

ಎದೆ ಮೂವತ್ತೆಂಟು. ಸೊಂಟ ಮೂವತ್ತನಾಲ್ಕು. ಭುಜ ಹದಿನೈದು. ತೋಳು ಇಪ್ಪತ್ತೆರಡು. ಬೆನ್ನು ಮಾಮೂಲು.

ಆ ಬಟ್ಟೆ ಹಾಳುಮಾಡಿದರೆ ನೋಡು. ಅಂಥದ್ದು ಈಗ ಸಿಗುವುದಿಲ್ಲ. ಕತ್ತರಿ ಹಾಕುವ ಮೊದಲು ಎರಡು ಸಲ ಅಳೆ. ಒಳಗೆ ಎರಡು ಬೆರಳು ಬಟ್ಟೆ ಬಿಡು, ಜಿಪುಣತನ ಮಾಡಬೇಡ.

ಅಕ್ಕ


ಮೇ 14

ಸುಳ್ಳಿ,

ಇದು ನಿನ್ನ ಹಳೇ ಅಳತೆ. ನನಗೆ ಬಾಯಿಪಾಠ ಇದೆ. ಮೂವತ್ತೆಂಟರ ಎದೆಗೆ ಶಾಲು ಬಿಗಿದು ಕಟ್ಟುತ್ತಾರಾ ಯಾರಾದರೂ? ನಾನು ನೋಡಬಾರದು ಎಂದು ನೀನು ಅಷ್ಟು ದೂರ ಹೋಗಿ ಕೂತಿದ್ದರೆ ಅದು ಇಲ್ಲಿಗೆ ಮುಗಿಯಿತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಜಗಳಕ್ಕಲ್ಲ, ಕರೆದುಕೊಂಡು ಬರಲೂ ಅಲ್ಲ. ಅಳತೆಗೆ. ಕಚ್ಚಾ ಹೊಲಿಗೆ ಹಾಕಿದ ಕೋಟು ತರುತ್ತೇನೆ. ಸುಮ್ಮನೆ ನೆಟ್ಟಗೆ ನಿಂತುಕೋ, ಅಷ್ಟು ಸಾಕು.

ತಂಗಿ


ಜೂನ್ 10

ಪಾಪು,

ಕೋಟಿನ ಪಾರ್ಸೆಲ್ ಬಂದು ನಾಲ್ಕು ದಿನವಾಯಿತು. ಕೋಪದಲ್ಲಿದ್ದೆ, ಅದಕ್ಕೆ ಬರೆಯಲಿಲ್ಲ.

ಹಾಕಿಕೊಂಡೆ. ಜಿರಾಫೆ ದೊಡ್ಡ ಕನ್ನಡಿ ಎತ್ತಿಕೊಂಡು ಬಂದಳು. ಮುಂದೆ ನೋಡಿದೆ, ಪಕ್ಕ ನೋಡಿದೆ, ಅವಳಿಗೆ ಇನ್ನೊಂದು ಕನ್ನಡಿ ಹಿಡಿಯಲು ಹೇಳಿ ಬೆನ್ನು ನೋಡಿದೆ. ಕೈ ಮೇಲೆತ್ತಿದೆ. ಬಿಚ್ಚಿ ಒಳಗುಹೊರಗು ಮಾಡಿ ಕಿಟಕಿಯ ಹತ್ತಿರ ಹಿಡಿದು ಹುಡುಕಿದೆ. ಏನಾದರೂ ಸಿಗುತ್ತದೆ ಎಂದು ಎರಡು ದಿನ ಹುಡುಕಿದೆ. ಆ ಕಾಲರ್ ಕೂತಿರುವ ಹಾಗೆ ನಾನು ಒಂದೇ ಒಂದು ಕಾಲರ್ ಕತ್ತರಿಸಿಲ್ಲ. ಅಪ್ಪನೂ ಕತ್ತರಿಸಿಲ್ಲ. ನನಗೆ ಹೊಟ್ಟೆ ಉರಿದು ಹೋಯಿತು. ಕೆರೆ, ಬಾತುಕೋಳಿ, ಎಲ್ಲ ಬಿಟ್ಟೆ, ಎಲ್ಲ ತೀರಿತು ಎಂದು ಬೆಂಚಿನ ಮೇಲೆ ಕೂತಿದ್ದವಳಿಗೆ ಒಂದು ಕಾಲರಿಗೆ ನಿದ್ದೆ ಬರಲಿಲ್ಲ. ಗಡ್ಡೆಗೂ ಇಷ್ಟು ಅತ್ತಿರಲಿಲ್ಲ.

ಕೊನೆಗೆ ಒಂದು ತಪ್ಪು ಸಿಕ್ಕಿತು. ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಡು ಎಂದರೆ ನಾಲ್ಕು ಬೆರಳು ಬಿಟ್ಟಿದ್ದೀಯ. ಬೆಳೆಯುವ ಮಕ್ಕಳ ಕೋಟಿಗೆ ಬಿಡುವಷ್ಟು. ನಾನು ಮತ್ತೆ ದಪ್ಪಗಾಗುತ್ತೇನೆ, ಆಗ ಬಿಚ್ಚಿ ದೊಡ್ಡದು ಮಾಡೋಣ ಎಂದು ತಾನೇ? ದಡ್ಡಿ. ಅವತ್ತು ನೀನು ಬಂದು ಅಳತೆ ತೆಗೆಯುವಾಗ ಟೇಪು ಎಲ್ಲಿಗೆ ಬಂದು ನಿಂತಿತು ಎಂದು ನಿನ್ನ ಕಣ್ಣಿಂದಲೇ ನೋಡಿದ್ದೆ. ಪಾಪ, ಸಹಾಯವಾಗಲಿ ಎಂದು ಜಿರಾಫೆ ಅಳತೆ ಬರೆದುಕೊಳ್ಳಲು ಬಂದರೆ ಅವಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡೆ ನೀನು. ಅದನ್ನು ನೆನೆದು ಅವಳು ಇನ್ನೂ ನಗುತ್ತಾಳೆ.

ಕಂಕುಳ ಗೆರೆ ನಾನು ಬರೆದು ಕಳಿಸಲಿಲ್ಲ. ಆದರೂ ನಿನಗೆ ಹೇಗೆ ಬಂತು? ಕಾಗದದಲ್ಲಿ ಬರೆಯಬೇಡ, ನನಗೆ ನೋಡಬೇಕು. ಮುಂದಿನ ವಾರ ಬರುತ್ತೇನೆ. ಮಂಚ ಮುಂದಿನ ಕೋಣೆಗೆ ಬೇಡ, ಅಂಗಡಿಯೊಳಗೆ ಮೇಜು ಕಾಣುವ ಕಡೆ ಹಾಕು. ತಪ್ಪು ಹುಡುಕಲು ಬರುತ್ತಿದ್ದೇನೆ, ಹುಷಾರು.

ಕೆರೆ ನೋಡಿದ್ದು ಸಾಕು ಎಂದು ಜಿರಾಫೆಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ.

ಅಕ್ಕ


ಸೆಪ್ಟೆಂಬರ್ 2

ಟೀಚರೇ,

ಅವತ್ತು ಫೋನಿನಲ್ಲಿ "ಹೋದಳು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆಮೇಲೆ ನೀವು ಎರಡು ಕಾಗದ ಬರೆದಿರಿ, ಎರಡಕ್ಕೂ ಉತ್ತರ ಬರೆಯಲಿಲ್ಲ. ಕೊನೆಯ ದಿನಗಳು ಹೇಗಿದ್ದವು ಎಂದು ಕೇಳಿದ್ದೀರಿ. ಅವು ನನ್ನವು, ಯಾಕೆ ಹೇಳಬೇಕು ಎಂದು ಸುಮ್ಮನಿದ್ದೆ. ಇಂಥ ಬುದ್ಧಿ ನನ್ನದು, ನಿಮಗೆ ಗೊತ್ತೇ ಇದೆ.

ಅವಳು ಮಂಚದ ಮೇಲೆ ದಿಂಬಿಗೆ ಒರಗಿ ಆ ಕೋಟು ಹೊದ್ದುಕೊಂಡು ಕೂರುತ್ತಿದ್ದಳು. ನಾನು ಕತ್ತರಿಸುತ್ತಿದ್ದೆ. ಮೊದಲ ವಾರ ಪ್ರತಿ ಗೆರೆಗೂ ತಕರಾರು. ಆಮೇಲೆ ತಕರಾರು ಕಡಿಮೆಯಾಯಿತು, ನನಗೆ ಅದೇ ಹೆದರಿಕೆಯಾಯಿತು. ಬೇಕೆಂದೇ ಒಂದು ಗೆರೆ ಡೊಂಕು ಎಳೆದೆ. ಕಣ್ಣು ಮುಚ್ಚಿಕೊಂಡಿದ್ದವಳು ತೆರೆದು, "ಬೇಕಂತ ಮಾಡ್ಬೇಡ" ಎಂದಳು. ಒಂದು ದಿನ ಬ್ಯಾಂಕ್ ಮ್ಯಾನೇಜರ್ ಬಂದರು. ಅವರನ್ನು ಹತ್ತಿರ ಕರೆದು ಬೂದು ಕೋಟನ್ನು ಮುಟ್ಟಿ ನೋಡಿದಳು. "ಇದು ನಂದಲ್ಲ, ಅವಳದು" ಎಂದು ತಾನೇ ಹೇಳಿದಳು. ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಈಗ ನಿಮಗೆ ಸೇರಬೇಕಾದದ್ದು. ಇಲ್ಲಿದ್ದಷ್ಟು ದಿನವೂ ಅವಳ ಬಾಯಲ್ಲಿ ನಿಮ್ಮ ಮಾತೇ. ಜಿರಾಫೆ ಈಗ ಬೆಂಚಿನ ಹತ್ತಿರ ಬಂದಿರುತ್ತಾಳೆ, ಜಿರಾಫೆ ಒಬ್ಬಳೇ ಬ್ರೆಡ್ಡು ತಿಂದು ಬಾತುಕೋಳಿಗೆ ಸುಳ್ಳು ಹೇಳಿರುತ್ತಾಳೆ, ಜಿರಾಫೆಗೆ ಈ ಗೆರೆ ತೋರಿಸಿದ್ದರೆ ನೋಡಬೇಕಿತ್ತು. ನಾನು ಕೈಲಿ ಕತ್ತರಿ ಹಿಡಿದುಕೊಂಡು ಕೇಳಬೇಕಾಗಿತ್ತು. ಅಲ್ಲಿ ನಿಮಗೆ ಏನಾಗಿತ್ತೋ ಅದೇ ಇಲ್ಲಿ ನನಗಾಯಿತು. ಅವಳು ಯಾರ ಹತ್ತಿರ ಇದ್ದಳೋ ಅವರಿಗೆ ಸುಖ ಕೊಡಲಿಲ್ಲ.

ನನಗೆ ಈಗಲೂ ನಿಮ್ಮ ಮೇಲೆ ಹೊಟ್ಟೆಕಿಚ್ಚಿದೆ. ಅವಳು ಕೆಲಸವಿಲ್ಲದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನೀವು ಐದು ತಿಂಗಳು ನೋಡಿದ್ದೀರಿ. ನಾನು ಒಂದು ದಿನವೂ ನೋಡಿಲ್ಲ. ಅದು ಹೇಗಿರುತ್ತಿತ್ತು ಎಂದು ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ಕೇಳುವ ಹಾಗಿಲ್ಲ.

ಅದಕ್ಕೆ ಬನ್ನಿ. ಅವಳ ಕೋಟನ್ನು ನಿಮಗೆ ಕೊಡೋಣವೆಂದು ಬಿಚ್ಚಿ ಅಳೆದು ನೋಡಿದೆ. ನಾಲ್ಕು ಬೆರಳಲ್ಲ, ನಾಲ್ಕು ಮೊಳ ಬಿಟ್ಟಿದ್ದರೂ ನಿಮಗೆ ಸಾಲುತ್ತಿರಲಿಲ್ಲ. ಅದು ನನ್ನ ಹತ್ತಿರವೇ ಇರಲಿ. ನಿಮಗೆ ಹೊಸದು ಕತ್ತರಿಸುತ್ತೇನೆ. ನಿಮ್ಮ ಅಳತೆ ಅವಳು ಬರೆದಿಟ್ಟದ್ದು ಇಲ್ಲೇ ಇದೆ, ಆದರೂ ನಾನೇ ಇನ್ನೊಮ್ಮೆ ತೆಗೆಯಬೇಕು. ಅಪ್ಪನ ಕತ್ತರಿ ಮೊಳೆಯ ಮೇಲಿದೆ. ಅದನ್ನು ಮಾತ್ರ ಕೇಳಬೇಡಿ, ಕೊಡುವುದಿಲ್ಲ.

ಕಾಗದವನ್ನು ಯಾರ ಹೆಸರಿಗೆ ಬರೆಯಲಿ ಎಂದು ಹೋದ ಸಲ ಕೇಳಿದ್ದಿರಿ. ಮೊದಲು ಬರೆದ ಹಾಗೇ ಬರೆಯಿರಿ. ಆ ಹೆಸರು ಗೊತ್ತಿರುವವರು ಈಗ ನೀವೊಬ್ಬರೇ.

ಬಾಗಿಲು ಇನ್ನೂ ಅಷ್ಟೇ ಗಿಡ್ಡ, ತಲೆ ತಗ್ಗಿಸಿ ಬನ್ನಿ.

ಪಾಪು